ನೀಲಿ ಕೈ, ಗುಹೆಯ ನೀರು

ನನ್ನ ಮಾನ ಹೋಗಲಿಕ್ಕೆ ಮುಹೂರ್ತ ಬೇಕಂತ ಇಲ್ಲ. ಆಗಾಗ ತಾನಾಗಿಯೇ ಹೋಗುತ್ತಿರುತ್ತದೆ. ಐವತ್ತರ ದಶಕದಲ್ಲಿ ನಾರಾವಿ ಕಡೆ ವಿಜ್ಞಾನದ ಮಾಸ್ಟ್ರಾಗಿದ್ದಾಗ ಹೋದದ್ದು ಒಂದು ಗುಹೆಯ ನೀರಿನಲ್ಲಿ. ಈಗಲೂ ನೆನೆದರೆ ಮುಖ ಮುಚ್ಚಿಕೊಳ್ಳುವ ಅಂತ ಆಗುತ್ತದೆ.

೧. ಕಲ್ಲಿಗೆ ಶರಬತ್ತು

ಗುಡ್ಡದ ಗುಹೆಯೊಳಗೆ ನೀರು ಹರಿಯುತ್ತದೆ ಎಂದು ಕೇಳಿ, ದೊಂದಿ ಹಿಡಿಯಲಿಕ್ಕೆ ಪೇಟೆಯ ಅಂಗಡಿ ಸಾಹೇಬರನ್ನು ಕರೆದುಕೊಂಡು ಹೋದೆ. ಬಗ್ಗಿ, ತೆವಳಿ, ಬಾವಲಿ ಹಿಕ್ಕೆಯಲ್ಲಿ ಜಾರಿ ಒಳಗೆ ಮುಟ್ಟಿದೆವು. ಸುಣ್ಣಕಲ್ಲಾದರೆ ಹುಳಿ ಬಿದ್ದಾಗ ನೊರೆ ಬರಬೇಕು ಅಂತ ಪುಸ್ತಕದಲ್ಲಿ ಉಂಟು. ಗೋಡೆಗೆ ಲಿಂಬೆಹಣ್ಣು ಹಿಂಡಿದೆ. ನೊರೆ ಇಲ್ಲ. ಇನ್ನೊಂದು ಹಿಂಡಿದೆ.

"ಮಾಸ್ಟ್ರೇ, ಸಕ್ಕರೆ ತರಬೇಕಿತ್ತಾ?" ಎಂದರು ಸಾಹೇಬರು.

೨. ಒಳ್ಳೆಯ ಬಣ್ಣ

ಗುಹೆಯ ನೀರು ಒಂದು ಬಿರುಕಿಗೆ ಇಳಿದು ಮಾಯವಾಗುತ್ತಿತ್ತು. ಎಲ್ಲಿ ಹೊರಗೆ ಬರುತ್ತದೆ ನೋಡುವ ಅಂತ, ಮರುವಾರ ಸಾಹೇಬರ ಅಂಗಡಿಯಲ್ಲಿದ್ದ ಬಟ್ಟೆಗೆ ಹಾಕುವ ನೀಲಿ ಬಣ್ಣವನ್ನೆಲ್ಲ ತಂದು ಬಲಗೈಯಲ್ಲೇ ಕಲಸಿ ಆ ನೀರಿಗೆ ಬಿಟ್ಟೆ. ಸಂಜೆವರೆಗೆ ಇಬ್ಬರೂ ಕೆಳಗೆ ಹರಿಯುವ ತೋಡಿನ ಬದಿಯಲ್ಲಿ ಕಾದು ಕೂತೆವು. ನೀರು ತಿಳಿಯಾಗಿಯೇ ಇತ್ತು. ನೀಲಿಯಾದದ್ದು ನನ್ನ ಕೈ ಮಾತ್ರ. ಹುಣಸೆಹುಳಿ, ಅಂಟುವಾಳ, ಬೂದಿ, ಯಾವುದಕ್ಕೂ ಅದು ಜಗ್ಗಲಿಲ್ಲ.

"ಬಣ್ಣ ಹೋಗುವುದಿಲ್ಲ ಅಂತ ನಾನು ಹೇಳಿಯೇ ಕೊಟ್ಟದ್ದಲ್ಲವಾ?" ಎಂದರು ಸಾಹೇಬರು, ಭಾರಿ ಹೆಮ್ಮೆಯಿಂದ.

೩. ಕಾಫಿ

ಮರುದಿನವೇ ಗುಡ್ಡದ ಆಚೆ ಬದಿಯ ಒಂದು ಮನೆಗೆ ಹುಡುಗಿ ನೋಡಲಿಕ್ಕೆ ಹೋಗಬೇಕಿತ್ತು. ಇದೂ ತಪ್ಪಿದರೆ ತಾನಿನ್ನು ಹುಡುಕುವುದಿಲ್ಲ ಎಂದು ಸೋದರಮಾವ ಹೇಳಿಬಿಟ್ಟಿದ್ದರು. ಬಲಗೈಯನ್ನು ಶಾಲಿನೊಳಗೆ ಅಡಗಿಸಿ ಕೂತೆ.

ಹುಡುಗಿಯ ತಂದೆ ಬಂದರು. ಉಟ್ಟ ಪಂಚೆ ಪೂರಾ ನೀಲಿ. "ಏನೂ ತಿಳಿದುಕೊಳ್ಳಬೇಡಿ. ಗುಡ್ಡದ ಒರತೆಯ ನೀರು ನಮಗೆ. ಬೆಳಿಗ್ಗೆ ಒಗೆದದ್ದೆಲ್ಲ ಹೀಗಾಯಿತು. ಕಾಫಿಗೆ ಆಚೆಮನೆ ಬಾವಿಯ ನೀರು ತಂದೆವು. ಇದನ್ನು ಮಾಡಿದವನು ಸಿಕ್ಕಿದರೆ ಕೈ ಕಡಿಯುತ್ತೇನೆ."

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ನೋಡಿದ ಕೂಡಲೇ ನನಗೆ ಮನಸ್ಸಾಯಿತು. ಬಲಗೈ ಚಾಚುವಂತಿಲ್ಲ, ಎಡಗೈ ಚಾಚಿದರೆ ಮರ್ಯಾದೆ ಅಲ್ಲ. "ಅಲ್ಲೇ ಇಡಿ" ಎಂದೆ.

ಅವಳ ಮುಖ ಬಾಡಿತು. ಬಾಗಿಲ ಹಿಂದಿನಿಂದ ಅವಳ ಅಜ್ಜಿ, "ಕೈಯಿಂದ ತೆಗೆದುಕೊಳ್ಳುವುದಿಲ್ಲ ಅಂದರೆ ಹುಡುಗಿ ಬೇಡ ಅಂತ ಅಲ್ಲವಾ?" ಎಂದರು.

ಇನ್ನೇನು ಮಾಡುವುದು ಮಾರಾಯ್ರೆ, ಬಲಗೈ ಹೊರಗೆ ತೆಗೆದೆ. ಮೊಣಕೈವರೆಗೆ ನೀಲಿ. ತಂದೆ ನನ್ನ ಕೈ ನೋಡಿದರು, ತಮ್ಮ ಪಂಚೆ ನೋಡಿದರು. ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು. ಅಜ್ಜಿಗೆ ಅಷ್ಟು ಸಾಕಾಯಿತು.

"ಕಡಿಯಬೇಡ ಮಗ," ಎಂದರು, "ಧಾರೆ ಎರೆಯಲಿಕ್ಕೆ ಕೈ ಬೇಕಲ್ಲ."

ತಂದೆ ಹೇಳಿದರು, "ಆಗಲಿ. ಧಾರೆಗೂ ಆಚೆಮನೆ ಬಾವಿಯ ನೀರೇ ತರುವ."