ಅಪರಿಚಿತ ವಿಚಾರಣೆಗಳ ಪರಿಚಯ ಸಭೆ

ಅಂಗಿಗೆ ತೋಳು ಕೂರಿಸುವ ಹೊತ್ತಿಗೆ ಫೋನ್ ಮಾಡಬಾರದು ಎಂಬ ನಿಯಮ ಯಾವ ಇಲಾಖೆಯಲ್ಲೂ ಇಲ್ಲ. ಇದ್ದಿದ್ದರೆ, ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಹೆಂಗಸು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ, ಕಾಲು ಪೆಡಲಿನ ಮೇಲೆ, ಮಗಳು ಬೆನ್ನ ಮೇಲೆ. ಅಷ್ಟರಲ್ಲಿ ಫೋನ್ ಮತ್ತೆ ಬಡಕೊಂಡಿತು.

"ಈ ಮನೇಲಿ ಒಂದು ತೋಳು ನೆಟ್ಟಗೆ ಕೂರಿಸೋಕೆ ಬಿಡಲ್ವಲ್ಲ," ಎಂದು ಗುಂಡುಸೂಜಿಗಳ ಸಂದಿಯಿಂದಲೇ ಬೈದು ಅದನ್ನೆತ್ತಿದಳು.

"ನಮಸ್ಕಾರ ಮೇಡಂ, ಸಾಲಯೋಗ್ಯತಾ ಮಂಡಳಿಯಿಂದ ಮಾತಾಡ್ತಿದ್ದೀವಿ. ನಿಮ್ಮ ವರದಿಯಲ್ಲಿ ಒಂದು ಅಪರಿಚಿತ ವಿಚಾರಣೆ ಕಂಡುಬಂದಿದೆ. ತಾವು ದೋಣಿ ಕೊಳ್ಳುವ ಆಲೋಚನೆಯಲ್ಲಿದ್ದೀರಾ?"

"ನಮ್ಮ ಮನೆ ಮೂರನೇ ಮಹಡೀಲಿದೆ."

"ಅಂದರೆ ಇಲ್ಲ ಅಂತ ಬರೆದುಕೊಳ್ಳಲೇ?"

"ನೀರು ಇಷ್ಟು ಎತ್ತರ ಬಂದಾಗ ತಗೋತೀನಿ ಅಂತ ಬರ್ಕೊಳ್ಳಿ."

ಆ ಕಡೆಯವರು ಹಾಗೆಯೇ ಬರೆದುಕೊಂಡರು.

ಮಂಡಳಿಯ ಕೆಲಸ ಏನೆಂದು ಇಲ್ಲಿ ಹೇಳಬೇಕು. ಊರಿನ ಪ್ರತಿಯೊಬ್ಬರಿಗೂ ಅದು ಒಂದು ಅಂಕ ಕೊಟ್ಟಿರುತ್ತದೆ. ಯಾವುದೇ ಸಾಲದ ಕಂಪನಿ ನಿಮಗೆ ಸಾಲ ಕೊಡಬಹುದೇ ಎಂದು ನಿಮ್ಮ ವರದಿ ತೆರೆದು ನೋಡಿದರೆ ಅದನ್ನು ವಿಚಾರಣೆ ಎನ್ನುತ್ತಾರೆ. ಪ್ರತಿ ವಿಚಾರಣೆಗೂ ನಿಮ್ಮ ಅಂಕ ಇಳಿಯುತ್ತದೆ. ನೋಡಿದ್ದು ಅವರು, ಇಳಿಯುವುದು ನಿಮ್ಮದು. ಈ ಏರ್ಪಾಡಿಗೆ ಇದುವರೆಗೆ ಯಾವ ಕಂಪನಿಯಿಂದಲೂ ಆಕ್ಷೇಪಣೆ ಬಂದಿಲ್ಲ.

ಟೈಲರಮ್ಮನಿಗೆ ಬೇಕಾಗಿದ್ದದ್ದು ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್ ಮಷೀನ್. ಮೇಲಿನ ಬೀದಿಯ ಶಾಲೆಯವರು ಮಕ್ಕಳ ಸಮವಸ್ತ್ರವನ್ನೆಲ್ಲ ಅವಳಿಗೇ ಕೊಡುವುದಾಗಿ ಹೇಳಿದ್ದರು. ಒಳಗಡೆ ಅಂಚಿನ ನೂಲು ಬಿಚ್ಚಿಕೊಳ್ಳಬಾರದು, ಅಷ್ಟೇ. ತಿಂಗಳ ಕೊನೆಯೊಳಗೆ ಮಷೀನ್ ಬರದಿದ್ದರೆ ಆರ್ಡರು ಎದುರು ಸಾಲಿನ ಟೈಲರನ ಪಾಲು. ಅವನು ಆಗಲೇ ಅಂಗಡಿಗೆ ಬಣ್ಣ ಹೊಡೆಸುತ್ತಿದ್ದ.

ಬ್ಯಾಂಕಿನ ಮ್ಯಾನೇಜರು ಅವಳ ವರದಿ ನೋಡಿ ಕನ್ನಡಕ ತೆಗೆದರು.

"ದೋಣಿ ಸಾಲದವರು ವಿಚಾರಿಸಿದ್ದಾರೆ. ಕ್ರೇನ್ ಸಾಲದವರು ವಿಚಾರಿಸಿದ್ದಾರೆ. ಹಲ್ಲು ಕಟ್ಟಿಸೋ ಸಾಲದವರೂ ವಿಚಾರಿಸಿದ್ದಾರೆ. ಇಷ್ಟು ಜನ ನಿಮ್ಮ ಬಗ್ಗೆ ಕೇಳ್ತಾರೆ ಅಂದ್ರೆ ಏನೋ ಇರಬೇಕಲ್ಲಮ್ಮ."

"ಸಾರ್, ನಾನು ಇದುವರೆಗೂ ಯಾರ ಹತ್ರಾನೂ ಒಂದು ಪೈಸೆ ಸಾಲ ತಗೊಂಡಿಲ್ಲ."

"ಅದೇ ನೋಡಿ. ತಗೊಂಡು ತೀರಿಸಿದ್ರೆ ಅಂಕ ಏರ್ತಿತ್ತು. ನೀವು ತಗೊಳ್ಳದೆ ಹಾಳು ಮಾಡ್ಕೊಂಡ್ರಿ." ಆಮೇಲೆ ಕರುಣೆಯಿಂದ, "ಮಂಡಳಿಗೆ ದೂರು ಕೊಡಿ. ಅಪರಿಚಿತ ವಿಚಾರಣೆ ಇತ್ಯರ್ಥ ಮಾಡೋದ್ರಲ್ಲಿ ಅವರನ್ನ ಬಿಟ್ರಿಲ್ಲ," ಎಂದರು.

ಅದು ನಿಜವಾಗಿತ್ತು. ಮಂಡಳಿಯ ಬಾಗಿಲಲ್ಲೇ ಫಲಕವಿತ್ತು: ಇತ್ಯರ್ಥವಾಗದೆ ಉಳಿದ ಅಪರಿಚಿತ ವಿಚಾರಣೆಗಳು: ಸೊನ್ನೆ. ಸೊನ್ನೆಗೆ ಹೊಸದಾಗಿ ಬಂಗಾರದ ಬಣ್ಣ ಬಳಿದಿದ್ದರು. ಒಳಗೆ ಪರಿಚಯಾಧಿಕಾರಿ ಎಂಬ ಹುದ್ದೆಯ ಸೌಮ್ಯ ಮನುಷ್ಯನೊಬ್ಬ ಕುಳಿತಿದ್ದ. ಅವಳ ವರದಿ ತೆರೆದ. ಒಂದು ಅಂಕ ಇಳಿಯಿತು.

"ಅಯ್ಯೋ, ಈಗ್ಯಾಕೆ ಇಳೀತು ಸಾರ್?"

"ನಾನು ನೋಡಿದೆನಲ್ಲಮ್ಮ."

"ಕಣ್ಮುಚ್ಕೊಂಡು ನೋಡಿ ಸಾರ್, ನಿಮಗೆ ಪುಣ್ಯ ಬರುತ್ತೆ. ಈ ಜನ ಯಾರು ಅಂತಾನೇ ನನಗೆ ಗೊತ್ತಿಲ್ಲ."

"ಅದೇ ಅಲ್ವೇ ತೊಂದರೆ. ಗೊತ್ತು ಮಾಡಿಸೋಣ."

"ಗೊತ್ತು ಮಾಡಿಸೋದು ಬೇಡ. ಅಳಿಸಿಹಾಕಿ."

ಅಧಿಕಾರಿ ನೊಂದುಕೊಂಡ. "ಅಳಿಸೋದಕ್ಕೆ ನಮ್ಮಲ್ಲಿ ವ್ಯವಸ್ಥೆ ಇಲ್ಲಮ್ಮ. ಪರಿಚಯ ಮಾಡಿಸೋದಕ್ಕೆ ಸಭಾಂಗಣ ಇದೆ."

ಹೀಗೆ ಗುರುವಾರ ಪರಿಚಯ ಸಭೆ ನಡೆಯಿತು. ಶುಲ್ಕವನ್ನು ಪರಿಚಯ ಮಾಡಿಕೊಳ್ಳುವವರಿಂದಲೂ, ಪರಿಚಯ ಆಗುವವರಿಂದಲೂ ಪಡೆಯಲಾಯಿತು. ಮಗಳನ್ನು ಹಿಡಿದುಕೊಳ್ಳಲು ಜನ ಬೇಕಲ್ಲ ಎಂದು ಟೈಲರಮ್ಮ ಅತ್ತೆಯನ್ನೂ ಕರೆದೊಯ್ದಿದ್ದಳು. ಅತ್ತೆ ಹೊಸ ಸೀರೆ ಉಟ್ಟು ಬಂದಿದ್ದರು. ಮೈಕಿನಲ್ಲಿ ಪ್ರಕಟಣೆ ಹೊರಟಿತು:

"ಅಪರಿಚಿತರು ಎಡಬಾಗಿಲಿನಿಂದ ಪ್ರವೇಶಿಸಿ, ಪರಿಚಿತರಾಗಿ ಬಲಬಾಗಿಲಿನಿಂದ ನಿರ್ಗಮಿಸತಕ್ಕದ್ದು. ಎಡಬಾಗಿಲಿನಿಂದಲೇ ವಾಪಸಾದವರ ಪರಿಚಯವು ಊರ್ಜಿತವಾಗತಕ್ಕದ್ದಲ್ಲ."

ಮೂರು ಜನ ಬಂದರು. ಕ್ರೇನಿನವನು, ಹಲ್ಲಿನವನು, ದೋಣಿಯವನು. ದೋಣಿಯವನು ಎಲ್ಲರಿಗಿಂತ ಚಿಕ್ಕವನು, ನಗುಮುಖದವನು. ಬಂದವನೇ, "ಅಕ್ಕಾ, ಬಕೆಟ್ ಚೆನ್ನಾಗಿದೆಯಾ?" ಎಂದ.

"ಯಾವ ಬಕೆಟ್ಟು?"

"ವಸ್ತುಪ್ರದರ್ಶನದಲ್ಲಿ ನಂಬರು ಕೊಟ್ಟು ತಗೊಂಡ್ರಲ್ಲ, ನೀಲಿ ಬಕೆಟ್ಟು?"

ಟೈಲರಮ್ಮ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಅತ್ತೆ ಸೀರೆಯ ಸೆರಗು ನೋಡಿಕೊಂಡರು.

"ಬಿಟ್ಟಿ ಕೊಟ್ರು ಕಣೆ. ನನ್ನ ನಂಬರು ನನಗೆಲ್ಲಿ ನೆನಪಿರುತ್ತೆ? ನಿನ್ನ ಗುರುತಿನ ಚೀಟಿ ನನ್ನ ಚೀಲದಲ್ಲೇ ಇತ್ತು, ತೋರಿಸ್ದೆ."

"ಆ ಬಕೆಟ್ಟು ಸೋರುತ್ತೆ ಅತ್ತೆ!"

"ಸೋರೋದು ಆಮೇಲೆ ತಾನೇ ಗೊತ್ತಾಗಿದ್ದು."

ದೋಣಿಯವನು ಸಮಾಧಾನವಾಗಿ ವಿವರಿಸಿದ. "ಬಕೆಟ್ ತಗೊಳ್ಳೋರಿಗೆ ನೀರಿನ ಕಡೆ ಒಲವಿರುತ್ತೆ ಅಂತ ನಮ್ಮ ಕಂಪ್ಯೂಟರಿನ ಲೆಕ್ಕಾಚಾರ ಅಕ್ಕಾ." ಬಕೆಟ್ ಎತ್ತಿದವರು ಕ್ರಮೇಣ ದೊಡ್ಡ ವಸ್ತುಗಳನ್ನೂ ಎತ್ತಬಹುದು ಎಂಬುದು ಕ್ರೇನಿನವನ ಲೆಕ್ಕಾಚಾರವಾಗಿತ್ತು. ಹಲ್ಲಿನವನಿಗೆ ಲೆಕ್ಕಾಚಾರವೇ ಬೇಕಿರಲಿಲ್ಲ. ಅವನು ಅತ್ತೆಯ ಬಾಯನ್ನೇ ನೋಡುತ್ತಿದ್ದ.

ಎಲ್ಲರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲರೂ ಬಲಬಾಗಿಲಿನಿಂದ ಹೊರಬಂದರು. ದೂರು ಇತ್ಯರ್ಥವಾಯಿತು.

ಮರುದಿನ ಅವಳು ಹೊಸ ವರದಿ ಹಿಡಿದು ಬ್ಯಾಂಕಿಗೆ ಓಡಿದಳು. ಮ್ಯಾನೇಜರು ಮತ್ತೆ ಕನ್ನಡಕ ತೆಗೆದರು.

"ಇಲ್ಲಿ ಎಲ್ಲಾ ಪರಿಚಿತ ವಿಚಾರಣೆ ಅಂತಿದೆಯಲ್ಲಮ್ಮ. ಅಪರಿಚಿತರು ಕೇಳಿದ್ರೆ ಪಾಪ, ನಿಮ್ಮ ತಪ್ಪಿಲ್ಲ ಅನ್ನಬಹುದಿತ್ತು. ಈಗ ನೋಡಿದ್ರೆ ಎಲ್ಲಾ ನಿಮ್ಮ ಕಡೆಯವರೇ. ಫೋಟೋದಲ್ಲಿ ನಗ್ತಾ ಬೇರೆ ಇದ್ದೀರಿ."

"ಅದು ಅತ್ತೆ ನಗ್ತಿರೋದು ಸಾರ್."

"ಮನೆಯವರ ಒಪ್ಪಿಗೆಯೂ ಇದೆ ಅಂತಾಯ್ತು," ಎಂದು ಮ್ಯಾನೇಜರು ಅರ್ಜಿಯನ್ನು ಹಿಂದಿರುಗಿಸಿದರು.

ತಿಂಗಳ ಕೊನೆಗೆ ಎರಡು ದಿನ ಉಳಿದಿತ್ತು. ಎದುರಿನ ಟೈಲರನ ಅಂಗಡಿಯ ಬಣ್ಣ ಒಣಗಿತ್ತು. ಅವಳು ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಾಗ ಫೋನ್ ಬಂತು. ದೋಣಿಯವನು.

"ಹೇಗಿದ್ದೀರಿ ಅಕ್ಕಾ? ಸುಮ್ನೆ ಮಾಡಿದೆ. ಪರಿಚಯ ಆದ್ಮೇಲೆ ಒಂದು ಮಾತಾಡಿಸ್ದೆ ಇದ್ರೆ ಹೇಗೆ?"

ಅವಳು ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟಳು. ಅಳುತ್ತಲೇ ಎಲ್ಲಾ ಹೇಳಿದಳು. ದೋಣಿಯವನು ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ನಾವು ಕೊಡ್ತೀವಿ ಬಿಡಿ. ಪರಿಚಯದೋರಿಗೆ ನಾವು ಅಂಕ ನೋಡಲ್ಲ," ಎಂದ.

"ನನಗೆ ಬೇಕಾಗಿರೋದು ಮಷೀನು ಕಣಪ್ಪ. ದೋಣಿ ಇಟ್ಕೊಂಡು ಏನು ಮಾಡ್ಲಿ?"

"ನಮ್ಮ ಕಂಪನೀಲಿ ದೋಣಿ ಅನ್ನೋದನ್ನ ಸ್ವಲ್ಪ ಧಾರಾಳವಾಗಿ ನೋಡ್ತಾರೆ ಅಕ್ಕಾ. ಮೋಟರ್ ಇರಬೇಕು, ಇಟ್ಟದ್ದನ್ನ ಮುಂದಕ್ಕೆ ಸಾಗಿಸಬೇಕು."

"ಬಟ್ಟೆ ಸಾಗಿಸುತ್ತೆ."

"ಮತ್ತೇನು! ಸರಕು ದೋಣಿ ಅಂತ ಹಾಕ್ತೀನಿ. ನೀರು ಬಂದಾಗ ತಗೋತೀನಿ ಅಂತ ನೀವು ಮೊದಲೇ ಬರೆಸಿದ್ದೀರಂತೆ. ಫೋನಿಗೇ ಅರ್ಜಿ ಕಳಿಸ್ತೀನಿ, ನೀರು ಬಂದಿದೆ ಅಂತ ಅದರಲ್ಲೇ ಒಂದು ಸಹಿ ಹಾಕಿ, ಸಾಕು."

ಕಣ್ಣೊರೆಸಿಕೊಂಡು, ನೀರು ಬಂದದ್ದು ಸುಳ್ಳೇನಲ್ಲ ಎಂದು ಅವಳು ಸಹಿ ಹಾಕಿದಳು.

ಓವರ್‌ಲಾಕ್ ಮಷೀನ್ ಬಂತು. ಕಂಪನಿಯವರು ಅದರ ಪಕ್ಕೆಗೆ ದೋಣಿಯ ನೋಂದಣಿ ಸಂಖ್ಯೆ ಬರೆದು, ತೇಲುವ ಟ್ಯೂಬೊಂದನ್ನು ಕಾಲಿಗೆ ಕಟ್ಟಿ ಹೋದರು. ಜೀವರಕ್ಷಕ ಜಾಕೆಟ್ ಇಲ್ಲದೆ ದೋಣಿ ನಡೆಸುವುದು ಅಪರಾಧವಾದ್ದರಿಂದ ಜಾಕೆಟ್ ಕೊಟ್ಟರು. ಅದರ ಬೆಲೆಯನ್ನು ಕಂತಿಗೆ ಸೇರಿಸಿದರು. ಮಗಳಿಗೆ ಪುಟ್ಟದೊಂದು. ಅತ್ತೆ ತಮಗೂ ಬೇಕೆಂದು ಹಠ ಹಿಡಿದು, ಹೊಟ್ಟೆಯ ಸುತ್ತಳತೆ ಸರಿಮಾಡಿಸಿಕೊಂಡರು.

ಕೆಲವೇ ದಿನಗಳಲ್ಲಿ ಎಲ್ಲವೂ ಹೊಂದಿಕೊಂಡಿತು. ಮನೆ ಮಾಲೀಕರು ಬಾಡಿಗೆಯ ಜೊತೆ ಲಂಗರು ಬಾಡಿಗೆ ಸೇರಿಸಿದರು. ಕೆಳಗಿನ ಮನೆಯಾಕೆ ಸದ್ದಾಗುತ್ತದೆಂದು ಜಗಳಕ್ಕೆ ಬಂದವಳು, ದೋಣಿ ಎಂದು ಗೊತ್ತಾದ ಮೇಲೆ, "ಹಾಗಾದ್ರೆ ಸದ್ದು ಆಗೋದೇ ಬಿಡಿ," ಎಂದು ಹೋದಳು. ಮೇಲಿನ ಬೀದಿಯ ಶಾಲೆಯವರು ಮೊದಲ ಕಂತಿನ ಅಂಗಿಗಳನ್ನು ತಿರುವಿ, ಅಂಚು ಎಳೆದು ನೋಡಿ, ಬಾಕಿ ಆರ್ಡರನ್ನೂ ಕೊಟ್ಟರು. ಎದುರು ಸಾಲಿನ ಟೈಲರು ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, ನೀಲಿ ಬಕೆಟ್ ಎಲ್ಲಿ ಸಿಗುತ್ತದೆಂದು ಅತ್ತೆಯನ್ನು ಗುಟ್ಟಾಗಿ ಕೇಳಿದ.

ಟೈಲರಮ್ಮ ದಿನವೂ ಜಾಕೆಟ್ ತೊಟ್ಟು ಹೊಲಿಯುತ್ತಾಳೆ. ಸೆಕೆಯಾಗುತ್ತದೆ. ಆದರೆ ಬೆನ್ನಿಗೆ ಒಳ್ಳೆಯದು ಎನ್ನುತ್ತಾಳೆ.

ಮೊನ್ನೆ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅಂಗಿಯೊಂದರ ಅಂಚನ್ನು ಆಗಷ್ಟೇ ಓವರ್‌ಲಾಕಿಗೆ ಕೊಟ್ಟಿದ್ದಳು. ಫೋನ್ ಬಂತು.

"ನಮಸ್ಕಾರ ಮೇಡಂ, ಸಾಲಯೋಗ್ಯತಾ ಮಂಡಳಿಯಿಂದ. ನಿಮ್ಮ ವರದಿಯಲ್ಲಿ ಒಂದು ಅಪರಿಚಿತ ವಿಚಾರಣೆ ಕಂಡುಬಂದಿದೆ. ಯಾವುದೋ ಹೊಲಿಗೆ ಯಂತ್ರದ ಕಂಪನಿಯವರು. ನಮಗೇ ಅನುಮಾನ ಬಂತು, ಅದಕ್ಕೇ ಕೇಳ್ತಿದ್ದೀವಿ. ದೋಣಿ ನಡೆಸೋರಿಗೆ ಹೊಲಿಗೆ ಯಂತ್ರ ಯಾಕೆ ಮೇಡಂ?"