ಗುಡಿಸಿದ ತೋಟ, ತಡಿಕೆ ಮೇಲಿನ ಗೊಬ್ಬರ

ಮನುಷ್ಯರಿಗೆ ಕೀಟಲೆ ಮಾಡಿದರೆ ಬೈದು ಸುಮ್ಮನಾಗುತ್ತಾರೆ. ಮಣ್ಣು ಬೈಯುವುದಿಲ್ಲ, ನಾಲ್ಕು ಜನರೆದುರು ಮಾನ ಕಳೆಯುತ್ತದೆ. ನನಗಂತೂ ಇದು ಆಗುತ್ತಲೇ ಇರುತ್ತದೆ. ಮದುವೆಗೆ ಮುಂಚಿನ ಕೆಲವು ಸಂಗತಿ ಹೇಳುತ್ತೇನೆ, ಅರ್ಧದಷ್ಟಾದರೂ ನಿಜ.

ಪೊರಕೆ

ಆಲ್ದೂರಿನಾಚೆ ಗುಡ್ಡದ ಇಳಿಜಾರಿನಲ್ಲಿ ನನ್ನದೊಂದು ಸಣ್ಣ ಕಾಫಿ ತೋಟ. ಪಕ್ಕದ ಎಸ್ಟೇಟಿನ ಇಂಗ್ಲಿಷ್ ದೊರೆ ಗಿಡದ ಬುಡದಲ್ಲಿ ಒಂದು ಹುಲ್ಲುಕಡ್ಡಿ ಇರಗೊಡುತ್ತಿರಲಿಲ್ಲ. ದೊರೆಗಿಂತ ಒಂದು ಕೈ ಮೇಲಾಗಬೇಕಲ್ಲ? ನಾನು ಉದುರಿದ ಎಲೆಯನ್ನೂ ಗುಡಿಸಿ ಸುಟ್ಟೆ. ನೆಲ ಅಂಗಳದಂತಾಯಿತು.

"ಎಲೆ ಕೊಳೆತರೆ ತಾನೇ ಮಣ್ಣಿಗೆ ಸತ್ವ? ಗಿಡ ಏನು ತಿನ್ಬೇಕೋ?" ಎಂದಳು ಅವ್ವ.

"ನೋಡೋಕೆ ಚೆಂದ ಇದ್ರೆ ಸಾಕವ್ವ."

ಗಿಡಗಳೂ ಅದನ್ನೇ ಕೇಳಿಸಿಕೊಂಡಿರಬೇಕು. ನೋಡಲು ಚೆಂದ ನಿಂತವು, ಹಣ್ಣು ಬಿಡಲಿಲ್ಲ.

ಎರೆಹುಳ

ಗುಡ್ಡದ ಕೆಳಗಿನ ಗದ್ದೆಯವರಿಗೆ ಒಬ್ಬಳು ಮಗಳು. ಅವಳಾದರೆ ಮದುವೆ, ಇಲ್ಲವಾದರೆ ಬಾಬಾಬುಡನ್‌ಗಿರಿ ಹತ್ತಿ ಸನ್ಯಾಸಿಯಾಗುತ್ತೇನೆ ಎಂದು ಅವ್ವನನ್ನು ಹೆದರಿಸಿದ್ದೆ. ಹೆಣ್ಣಿನ ಅಪ್ಪ ಹೇಳಿ ಕಳಿಸಿದರು: "ಹುಡುಗನ ಮುಖ ಆಮೇಲೆ. ಮೊದಲು ಮಣ್ಣು ನೋಡ್ತೀನಿ, ಗೊಬ್ಬರದ ಗುಂಡಿ ನೋಡ್ತೀನಿ."

ನನ್ನ ತೋಟದಲ್ಲಿ ಎಷ್ಟು ಅಗೆದರೂ ಒಂದು ಎರೆಹುಳ ಇಲ್ಲ. ಊರವರ ತಿಪ್ಪೆಯಿಂದ ಬುಟ್ಟಿ ತುಂಬ ಹುಳ ತಂದು ಸುರಿದೆ. ಪಾಪ, ಆ ಕಲ್ಲುನೆಲದೊಳಗೆ ಅವು ಹೋಗುವುದೆಲ್ಲಿಗೆ? ಮನೆಯ ಕೋಳಿಗಳು ಸಂಸಾರಸಮೇತ ಬಂದು ಊಟ ಮುಗಿಸಿದವು. ಆ ವರ್ಷ ನನ್ನ ತೋಟದಲ್ಲಿ ಬಂದ ಒಳ್ಳೆಯ ಫಸಲೆಂದರೆ ಮೊಟ್ಟೆ.

ಗುಂಡಿ

ಉಳಿದದ್ದು ಗೊಬ್ಬರದ ಗುಂಡಿ. ಕೊಟ್ಟಿಗೆಯಲ್ಲಿ ಹಸು ಒಂದೇ. ಅದೂ ನನ್ನಂತೆ ತಿನ್ನುವುದರಲ್ಲಿ ಮಾತ್ರ ಚುರುಕು. ಖಾಲಿ ಗುಂಡಿಯ ಬಾಯಿಗೆ ಬಿದಿರಿನ ತಡಿಕೆ ಮುಚ್ಚಿ, ಮೇಲೆ ತೆಳ್ಳಗೆ ಸಗಣಿ, ಸೊಪ್ಪು ಹರಡಿದೆ. ದೂರದಿಂದ ನೋಡಿ ನನಗೇ ನನ್ನ ಮೇಲೆ ಗೌರವ ಬಂತು.

ಹೆಣ್ಣಿನ ಅಪ್ಪ ಬಂದರು. "ಆಳ ಎಷ್ಟಿದೆ?"

"ಆಳು ಮುಳುಗುವಷ್ಟು! ಗಟ್ಟಿ ಎಷ್ಟಂದ್ರೆ ಮೇಲೆ ಕುಣೀಬಹುದು, ನೋಡಿ," ಎಂದು ಹತ್ತಿಯೇಬಿಟ್ಟೆ.

ತಡಿಕೆ ಲಟಕ್ಕೆಂದಿತು. ಸಗಣಿಸಮೇತ ತಳದಲ್ಲಿ ಕೂತಿದ್ದೆ.

ಅವರು ಬಗ್ಗಿ ನೋಡಿದರು. "ಅಳತೆ ಸರಿಯಾಗೇ ಹೇಳಿದ್ರಿ."

"ಹಾಗಾದ್ರೆ ಹೆಣ್ಣು ಕೊಡಲ್ವಾ?" ಎಂದು ಅಲ್ಲಿಂದಲೇ ಕೇಳಿದೆ.

ಅವರು ಊರುಗೋಲು ಚಾಚಿ ನನ್ನನ್ನು ಎಳೆಯುತ್ತ ಹೇಳಿದರು: "ಕೊಡದೆ ಏನು? ನೀವು ಎಲೆ ಗುಡಿಸಿದಾಗಿನಿಂದ ನಿಮ್ಮ ಮೇಲ್ಮಣ್ಣೆಲ್ಲ ಮಳೇಲಿ ಹರಿದು ನಮ್ಮ ಗದ್ದೆಗೇ ಬರ್ತಿದೆ. ಭತ್ತ ಎದೆಮಟ್ಟ ಬೆಳೆದಿದೆ. ಇಷ್ಟು ಧಾರಾಳಿ ಅಳಿಯ ಎಲ್ಲಿ ಸಿಗ್ತಾನೆ? ಆದ್ರೆ ಮಗಳನ್ನ ಈ ಬೋಳುಗುಡ್ಡಕ್ಕೆ ಕಳಿಸಲ್ಲ. ಮಣ್ಣು ಬಂದ ದಾರೀಲೇ ನೀವೂ ಇಳಿದು ಬನ್ನಿ, ಮನೆ ಅಳಿಯನಾಗಿ."

ಅವರ ಮನಸ್ಸು ಬದಲಾದೀತೆಂಬ ಹೆದರಿಕೆ ನನಗೆ. "ಈಗಲೇ ಬರ್ತೀನಿ, ಮೈ ಒಂದು ತೊಳ್ಕೊಂಡು..."

"ಇಲ್ಲಿ ಯಾಕೆ ಮಾರಾಯ್ರೆ? ಗದ್ದೇಲೇ ತೊಳ್ಕೊಳ್ಳಿ," ಎಂದರು ಮಾವ.