ಎಡಗಿವಿಯ ಗುಗ್ಗೆಯನ್ನು ಹಿಂದಿರುಗಿಸುವ ಬಗ್ಗೆ

ಪ್ರತಿ ಬುಧವಾರ ನಮ್ಮ ಪ್ರೌಢಶಾಲೆಗೆ ದಯಮಾಡಿಸಿ, ಎಂಟನೆಯ ತರಗತಿಯ ಮಕ್ಕಳಿಗೆ ಮನುಷ್ಯ ಶರೀರವನ್ನು ಪುಸ್ತಕದಿಂದಲ್ಲದೆ ನೇರವಾಗಿ ಮನುಷ್ಯನಿಂದಲೇ ಕಲಿಸುತ್ತಿರುವ ಡಾಕ್ಟರಮ್ಮನವರ ಸನ್ನಿಧಿಗೆ, ಅದೇ ಶಾಲೆಯ ಅಟೆಂಡರ್ ಆದ ನಾನು, ಬೆಂಚು ಒರೆಸಿದ ಕೈಯನ್ನು ಚೆನ್ನಾಗಿ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಪ್ಪತ್ತೆರಡು ವರ್ಷಗಳಿಂದ ಈ ಶಾಲೆಯ ಸುತ್ತೋಲೆಗಳನ್ನು ತರಗತಿಯಿಂದ ತರಗತಿಗೆ ಹೊತ್ತು, ದಾರಿಯಲ್ಲಿ ಅವನ್ನು ಓದುತ್ತಾ ಬಂದಿರುವುದರಿಂದ ದೂರು ಬರೆಯುವ ಭಾಷೆ ನನಗೆ ಚೆನ್ನಾಗಿ ಒಲಿದಿದೆ. ಬರೆಯಲು ದೂರೊಂದೇ ಇರಲಿಲ್ಲ. ಆ ಕೊರತೆಯನ್ನು ತಾವು ನೀಗಿಸಿದ್ದೀರಿ.

ತಮ್ಮ ಪಾಠಕ್ಕೆ ಜೀವಂತ ದೇಹವೊಂದು ಬೇಕೆಂದಾಗ ಶಿಕ್ಷಕರೆಲ್ಲರೂ ಏಕಕಾಲಕ್ಕೆ ಉತ್ತರ ಪತ್ರಿಕೆ ತಿದ್ದುವುದರಲ್ಲಿ ಮುಳುಗಿಹೋದರು. ಕೈಗೆ ಸಿಕ್ಕವನು ನಾನು. "ಇವರು ತೆಳ್ಳಗಿದ್ದಾರೆ, ಮೂಳೆ ಎಲ್ಲ ಚೆನ್ನಾಗಿ ಕಾಣ್ಸುತ್ತೆ" ಎಂದು ತಾವು ಸಂತೋಷಪಟ್ಟಿದ್ದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ್ದೇನೆ. ಮೊದಲ ಬುಧವಾರ ಬಣ್ಣದ ಸೀಮೆಸುಣ್ಣದಿಂದ ನನ್ನ ಬನಿಯನ್ನಿನ ಮೇಲೆ ಜಠರ, ಯಕೃತ್ತುಗಳನ್ನು ಬರೆದಿರಿ. ಎರಡನೆಯ ಬುಧವಾರ ನಲವತ್ತೊಂದು ಮಕ್ಕಳು ಸಾಲಾಗಿ ಬಂದು ನನ್ನ ನಾಡಿ ಹಿಡಿದರು. ಅವರಲ್ಲಿ ಮೂವರು ನಾನು ಬದುಕಿಲ್ಲವೆಂದು ಲಿಖಿತವಾಗಿ ತಿಳಿಸಿದರು. ಮೂರನೆಯ ಬುಧವಾರ ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆ ಬಿದ್ದು, ಕಾಲು ತಾನಾಗಿಯೇ ಮೇಲೆದ್ದು ವಿಜ್ಞಾನದ ಮೇಷ್ಟ್ರಿಗೆ ತಗುಲಿತು. ಎರಡನೆಯ ಸಲ ತಗುಲಿದ್ದು ಮಾತ್ರ ಪೂರ್ತಿ ತಾನಾಗಿಯೇ ಅಲ್ಲವೆಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಇದಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ನನ್ನ ದೂರು ನಾಲ್ಕನೆಯ ಬುಧವಾರದ್ದು, ಕಿವಿಯ ಪಾಠದ್ದು.

ಕೆಲವು ವರ್ಷಗಳಿಂದ ನನಗೆ ಬಲಗಿವಿ ಅಷ್ಟಕ್ಕಷ್ಟೇ, ಎಡಗಿವಿಯಂತೂ ಇದ್ದೂ ಇಲ್ಲದಂತಾಗಿತ್ತು. ಕಿವುಡ ಅಟೆಂಡರನ್ನು ಯಾರು ಇಟ್ಟುಕೊಳ್ಳುತ್ತಾರೆಂಬ ಭಯದಿಂದ ಇದನ್ನು ಯಾರಿಗೂ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಯಾರು ಏನು ಹೇಳಿದರೂ "ಆಯ್ತು" ಎನ್ನುವುದನ್ನು ರೂಢಿಸಿಕೊಂಡಿದ್ದೆ. ಈ ಒಂದು ಪದದಿಂದ ಬೆಳಿಗ್ಗೆ ವಿನಯವಂತನೆಂದೂ, ಹೇಳಿದ ಕೆಲಸ ಆಗಿಲ್ಲವೆಂದು ಗೊತ್ತಾಗುವ ಸಂಜೆಯ ಹೊತ್ತಿಗೆ ಸೊಕ್ಕಿನವನೆಂದೂ ಹೆಸರು ಪಡೆಯುತ್ತಿದ್ದೆ.

ಹೀಗಿರುವಾಗ ತಾವು, ಸದಾ ಕೈಯೆತ್ತುವ ಕಾರಣಕ್ಕೆ ತರಗತಿಯವರೆಲ್ಲ 'ವಕೀಲಮ್ಮ' ಎಂದು ಕರೆಯುವ ಹುಡುಗಿಯ ಕೈಗೆ ಶ್ರುತಿಕವೆ ಎಂಬ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಕೊಟ್ಟು, ಅದನ್ನು ಬಡಿದು ನನ್ನ ಕಿವಿಯ ಮುಂದೆ ಹಿಡಿಯಲು ಹೇಳಿದಿರಿ. ಬಲಗಡೆ ಹಿಡಿದಾಗ ಸಣ್ಣಗೆ ಕೇಳಿಸಿತು. ಎಡಗಡೆ ಹಿಡಿದಾಗ ಏನೂ ಕೇಳಿಸದಿದ್ದರೂ ಅಭ್ಯಾಸಬಲದಿಂದ, "ಆಯ್ತು, ಚೆನ್ನಾಗಿ ಕೇಳಿಸ್ತಿದೆ" ಎಂದೆ.

ಅವಳು ಕವೆಯನ್ನು ಬಡಿದೇ ಇರಲಿಲ್ಲ.

ಹಿಂದಿನ ಬೆಂಚಿನವರೆಗೂ ಕೇಳುವಂತೆ ಇದನ್ನು ಸಾರಬಹುದಾಗಿದ್ದ ಆ ಹುಡುಗಿ, ಸುತ್ತು ಹಾಕಿ ಬಲಗಡೆ ಬಂದು, ನನ್ನ ಕಿವಿಯ ಹತ್ತಿರವೇ ಬಾಗಿ, "ಅಂಕಲ್, ನಾನಿನ್ನೂ ಬಡಿದಿಲ್ಲ. ಬೇರೆ ಯಾರಿಗೂ ಹೇಳಲ್ಲ. ಆದ್ರೆ ಡಾಕ್ಟರಿಗೆ ಹೇಳ್ಲೇಬೇಕಲ್ವಾ?" ಎಂದಳು. ಇಪ್ಪತ್ತೆರಡು ವರ್ಷದ ನೌಕರಿ ಆ ಕಡ್ಡಿಯ ತುದಿಯಲ್ಲಿ ನಿಂತಂತೆ ಕಂಡಿತು. ಆದರೂ ತಲೆಯಾಡಿಸಿದೆ.

ತಾವು ಮಕ್ಕಳನ್ನು ಹೊರಗೆ ಕಳಿಸಿ, ಕವೆಯನ್ನು ಬಡಿದು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿದಿರಿ. ಸದ್ದು ಜೇನುಗೂಡಿನಂತೆ ತಲೆಯೊಳಗೆ ಮೊಳಗಿತು. "ಕಿವಿ ಕೆಟ್ಟಿಲ್ಲ, ದಾರಿಗೇ ಏನೋ ಅಡ್ಡ ಕೂತಿದೆ" ಎಂದು ದೀಪ ಹಿಡಿದು ಎರಡೂ ಕಿವಿಗಳೊಳಗೆ ಇಣುಕಿ, "ಅಯ್ಯೋ, ಬರೀ ಗುಗ್ಗೆ ಕಣ್ರೀ!" ಎಂದು ನಕ್ಕಿರಿ. ನನ್ನ ಅಷ್ಟು ವರ್ಷಗಳ ಭಯಕ್ಕೆ ತಾವು ಕೊಟ್ಟ ಹೆಸರು ಅಷ್ಟೇ. ಒಂದು ವಾರ ಕಿವಿಗೆ ಹನಿ ಹಾಕಿಕೊಳ್ಳಲು ಹೇಳಿ, "ಮುಂದಿನ ಬುಧವಾರ ತೊಳೀತೀನಿ. ಮಕ್ಕಳ ಮುಂದೆ ಮಾಡ್ಲಾ, ಬೇಡ್ವಾ? ನಿಮ್ಮಿಷ್ಟ" ಎಂದು ಕೇಳಿದಿರಿ. "ಆಯ್ತು" ಎಂದೆ, ಈ ಸಲ ಕೇಳಿಸಿಕೊಂಡೇ.

ಉಗುರುಬೆಚ್ಚಗಿನ ನೀರು, ದೊಡ್ಡ ಸಿರಿಂಜು, ನನ್ನ ಕತ್ತಿನ ಕೆಳಗೊಂದು ಬೋಗುಣಿ. ಬಲಗಿವಿ ಸುಮ್ಮನೆ ಬಿಟ್ಟುಕೊಟ್ಟಿತು. ಎಡಗಿವಿಯಿಂದ ಹುಣಸೆಬೀಜದಷ್ಟು ಕಂದು ಮುದ್ದೆ ಹೊರಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಮುದ್ದೆ ಈಗ ಪ್ರಯೋಗಾಲಯದಲ್ಲಿ ಕಪ್ಪೆಯ ಪಕ್ಕದ ಶೀಷೆಯಲ್ಲಿದೆ. ಮೇಲೆ ವಕೀಲಮ್ಮ 'ಮಾಲೀಕರ ಒಪ್ಪಿಗೆಯ ಮೇರೆಗೆ' ಎಂದು ಚೀಟಿ ಅಂಟಿಸಿದ್ದಾಳೆ.

ಮಾನ್ಯರೇ, ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕಿರುಗುಟ್ಟುವುದೇ ಇಲ್ಲವೆಂದು ನಾನು ವಾದಿಸಿದ್ದ ಗೇಟು ಕಿರುಗುಟ್ಟುತ್ತದೆ. ಶಿಕ್ಷಕರ ಕೊಠಡಿಯಲ್ಲಿ ನನ್ನ ಚಹಾದ ಬಗ್ಗೆ ಆಡುವ ಮಾತು ಬಾಗಿಲಾಚೆಗೂ ಕೇಳಿಸುತ್ತದೆ. ಇವನ್ನಾದರೂ ಸಹಿಸಬಹುದು.

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕಿಟಕಿಯ ಬಳಿ ಅವಳ ಮಿಷನ್ನು, ಅದರ ಬಲಕ್ಕೆ ನನ್ನ ಕುರ್ಚಿ. ಅಂದರೆ ಅವಳು ಯಾವಾಗಲೂ ನನ್ನ ಎಡಕ್ಕೆ. ವಯಸ್ಸಾದಂತೆ ಇವಳು ಮಾತು ಕಡಿಮೆ ಮಾಡಿದಳೆಂದು ಒಳಗೊಳಗೇ ನೊಂದುಕೊಂಡಿದ್ದೆ. ಆ ಬುಧವಾರ ಸಂಜೆ ಅವಳು ತಲೆಯೆತ್ತದೆ, "ಇವತ್ತು ಹಿಮ್ಮಡಿ ತುಂಬಾ ನೋಯ್ತಿದೆ" ಎಂದಳು.

"ಯಾವಾಗಿಂದ?" ಎಂದೆ.

ಮಿಷನ್ನು ನಿಂತಿತು. "ರೀ, ನಿಮಗೆ ಕೇಳಿಸ್ತಾ?"

"ಕೇಳಿಸ್ತು."

"ಎರಡು ವರ್ಷದಿಂದ ಹೇಳ್ತಾನೇ ಇದ್ದೀನಿ. ನಿಮಗೆ ಬೇಕಿಲ್ಲ ಅಂದ್ಕೊಂಡೆ. ಆಮೇಲೆ ನನ್ನ ಪಾಡಿಗೆ ನಾನೇ ಹೇಳ್ಕೊಳ್ಳೋದು ಅಭ್ಯಾಸ ಆಯ್ತು" ಎಂದಳು. ಕೋಪವಿದ್ದಿದ್ದರೆ "ಆಯ್ತು" ಎಂದು ತಪ್ಪಿಸಿಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ.

ಆದ್ದರಿಂದ ನನ್ನ ಗುಗ್ಗೆಯನ್ನು ಶೀಷೆಯಿಂದ ಬಿಡಿಸಿ ಸ್ವಸ್ಥಾನದಲ್ಲಿ ಮರುಸ್ಥಾಪಿಸಬೇಕೆಂದು, ಅದು ಸಾಧ್ಯವಿಲ್ಲದಿದ್ದಲ್ಲಿ ಎರಡು ವರ್ಷದ ಮಾತಿಗೆ ಒಂದೇ ಸಲಕ್ಕೆ ಉತ್ತರ ಕೊಡುವ ಗುಳಿಗೆಯನ್ನಾದರೂ ದಯಪಾಲಿಸಬೇಕೆಂದು ಕೋರುತ್ತೇನೆ. ತಾವೇ ಹೇಳಿಕೊಟ್ಟ ವ್ಯಾಯಾಮದಿಂದ ಅವಳ ಹಿಮ್ಮಡಿ ಈಗ ವಾಸಿ. ಸಂಜೆ ಪೆಡಲು ನಾನು ತುಳಿಯುತ್ತೇನೆ, ಬಟ್ಟೆ ಅವಳು ಹಿಡಿಯುತ್ತಾಳೆ. ಹೊಲಿಗೆ ಸೊಟ್ಟಗಾಗುತ್ತದೆ, ಬೈಗುಳ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ. ಮಧ್ಯೆ ಒಂದು ಸಂಜೆ ಅವಳು ಸುಮ್ಮನಾದಾಗ, "ಯಾಕೆ ನಿಲ್ಲಿಸ್ದೆ? ಮಾತಾಡು" ಎಂದವನು ನಾನೇ.

ಇಷ್ಟೆಲ್ಲ ಆದಮೇಲೂ,
ತಮ್ಮ ವಿಶ್ವಾಸಿ,
ಎಂಟನೆಯ ತರಗತಿಯ ಸಾರ್ವಜನಿಕ ದೇಹ

ತಾ.ಕ.: ಮುಂದಿನ ಪಾಠ ಕಣ್ಣಿನದೆಂದು ತಿಳಿಯಿತು. ಆ ದಿನ ದಯವಿಟ್ಟು ಮುಖ್ಯೋಪಾಧ್ಯಾಯಿನಿಯವರನ್ನೇ ಕೂರಿಸಿಕೊಳ್ಳಿ. ಶಾಲೆಯ ಪತ್ರಗಳೆಲ್ಲ ಅವರ ಮೂಲಕವೇ ಹೋಗಬೇಕೆಂಬ ನಿಯಮವಿದೆ. ಈ ಪತ್ರವನ್ನೂ ಅವರು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, "ತುಂಬಾ ಚೆನ್ನಾಗಿದೆ" ಎಂದು ಸಹಿ ಹಾಕಿದ್ದಾರೆ.